ಎಸರು

ಉದ್ಯಮಬಾಗಿನ ಫೌಂಡ್ರಿಯೊಳಗ
ಇಪ್ಪತ್ತೆರಡು ವರ್ಷ ಕಬ್ಬಿಣ ಕರಗಿಸಿದಾಂವ ನಾನು,
ನನ್ನ ಹೊಟ್ಟಿ ಗೋಧಿಗಿ ಸೋತಿತು.
ಡಾಕ್ಟರು ಚೀಟಿ ತಿರುವಿ ಹಿಂದಿನ ಮಗ್ಗಲಿಗೂ ಬರೆದರು:
ಚಪಾತಿ ಬ್ಯಾಡ, ಪಾವ್ ಬ್ಯಾಡ, ಶ್ಯಾವಿಗಿ ಬ್ಯಾಡ,
ಖಾರಿ ಬ್ಯಾಡ, ಜವೆಗೋಧಿ ಬ್ಯಾಡ.
"ಜವೆಗೋಧಿ ಯಾರ ಮನ್ಯಾಗ ತಿಂತಾರ್ರಿ?" ಅಂದೆ.
ಕನ್ನಡಕದ ಮ್ಯಾಲಿಂದ ನೋಡಿದರು.
"ತಿನ್ನಂಗಿಲ್ಲ. ಶನಿವಾರ ಕುಡೀತಾರ."

ಮುಂದ ಎಂಟು ಶನಿವಾರ
ಕ್ಯಾಂಪಿನ ಆ ಮೂಲಿ ಟೇಬಲ್ಲಿಗೆ
ಲಿಂಬು ಸೋಡಾ ಹಿಡಕೊಂಡು ಕುಂತೆ,
ಮದುವಿ ಮನ್ಯಾಗ ಉಪವಾಸ ಇದ್ದಾಂವನಂಗ.

ಕಡೀಕ ಜಿನ್ನಪ್ಪ, ಪ್ಯಾಟರ್ನ್ ಶಾಪಿನಾಂವ,
ತಾನು ಕುಡಿಯೂದಿಲ್ಲ, ಉಳ್ಳಾಗಡ್ಡಿ ಸುದ್ದಾ ಮುಟ್ಟೂದಿಲ್ಲ,
ಅಕ್ಕನ ಊರು ಇಂಡಿಯಿಂದ
ಅರ್ಧ ಚೀಲ ಬಿಳಿಜ್ವಾಳ ತಂದು ಇಳಿಸಿದ:
"ಛಲೋ ಮೊಳೀತೈತಿ. ನೋಡು ಏನಾಗತೈತಿ."

ನೆನಸಿದೆ. ಗೋಣಿತಟ್ಟಿನಾಗ ಸುತ್ತಿ ನೀರು ಚಿಮುಕಿಸಿದೆ.
ಮೂರನೆ ದಿನ ತಟ್ಟು ಬಿಚ್ಚಿದರ
ಒಂದೊಂದು ಕಾಳಿಗೂ ಬಿಳಿ ಬಾಲ.
ಎಳಿ ಜ್ವಾಳದ ಕುಡಿ ಮೇಯ್ದ ಎತ್ತು
ಹೊಲದಾಗ ಅಡ್ಡ ಬಿದ್ದದ್ದು ನೆನಪಾತು.
ಆ ವಿಷ ಈ ಬಾಲದಾಗೂ ಐತಿ.
ಒಣಗಿಸಿ ತಿಕ್ಕಿ ಉದುರಿಸಬೇಕು.
ಒಣಗಿಸೂದು ಎಲ್ಲಿ? ಬೆಳಗಾವಿಯ ಆಗಸ್ಟ್,
ಟೆರೇಸಿನ ಮ್ಯಾಲ ಸೂರ್ಯನ್ನ ಕಂಡವರಿಲ್ಲ.
ಕೋರ್ ಬೇಯಿಸೂ ಒಲಿ ಆರಿದ ಮ್ಯಾಲ
ಅದರ ನೆತ್ತಿಗೆ ತಾಟು ಇಟ್ಟೆ.
ಮೊದಲಿನ ಸಲದ ಬಿಯರು ಅದಕ್ಕ
ಎರಕದ ಉಸುಕಿನ ವಾಸನಿ ಹೊಡೀತು.
ಗಟಾರಕ್ಕ.

ಎರಡನೇದಕ್ಕ ವಾಸನಿ ಇರಲಿಲ್ಲ, ಸಿಹಿನೂ ಇರಲಿಲ್ಲ.
ಕಾಳು ನುಚ್ಚು ಮಾಡಿ ಅರವತ್ತೈದು ಡಿಗ್ರಿಗೆ ಹಿಡಿದು
ಒಂದು ತಾಸು ಕಾದೆ. ಪುಸ್ತಕದಾಗ ಹಂಗ ಇತ್ತು,
ಪುಸ್ತಕ ಬಾರ್ಲಿಯವರದು.
ಫಸ್ಟ್ ಏಡ್ ಪೆಟ್ಟಿಗಿಯ ಟಿಂಚರ್ ಒಂದು ಹನಿ ಬಿಟ್ಟೆ,
ಕರ್ರಗಾತು, ಪಾಟಿಯಂಗ.
ಹಿಟ್ಟು ಹಿಟ್ಟಾಗೇ ಉಳದಿತ್ತು.
ಕರಗಿದ ಕಬ್ಬಿಣದ ಬಣ್ಣ ನೋಡಿ ಡಿಗ್ರಿ ಹೇಳಾಂವ
ಒಂದು ಬೋಗಾಣಿ ನುಚ್ಚಿನ ಮುಂದ
ಕುಕ್ಕರಗಾಲಿಲೆ ಕುಂತಿದ್ದೆ.

ಮಹಾನಂದಾ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.
"ಎಸರಿಲ್ಲದ ಜ್ವಾಳ ಕೂಡತೈತೇನು?
ಗೋಧಿಗಿ ತನ್ನ ಜಿಗಿ ತನಗ ಐತಿ.
ಇದಕ್ಕ ನಾವು ಕುದಿಯೂ ನೀರು ಹಾಕಿ ಕೊಡಬೇಕು."
ಹಿಟ್ಟಿನ ಕೈಯಿಂದ ಹಣಿ ಮ್ಯಾಲಿನ ಕೂದಲ ಸರಿಸಿದಳು.
"ನಿಮ್ಮ ಪುಸ್ತಕದಾಗ ಹೆಂಗಸರು ಇಲ್ಲೇನು?"

ಮೊದಲು ನುಚ್ಚು ಕುದಿಸಿದೆ, ಗಂಜಿ ಆಗೂತನಕ.
ಆರಾಕ ಬಿಟ್ಟೆ, ಬೆರಳು ಅದ್ದಿ ತಟ್ಟನೆ ತಗೀಯೂವಷ್ಟು.
ಆಮ್ಯಾಲ ಮೊಳಕಿಯ ಹಿಟ್ಟು ಉದುರಿಸಿದೆ.
ಗಂಜಿ ಕಣ್ಣಮುಂದ ನೀರಾತು, ಕೈಯಾಗಿನ ಹುಟ್ಟು ಹಗುರಾತು.
ಟಿಂಚರಿನ ಹನಿ ಬಿದ್ದು ಕೆಂಪಗೇ ಉಳೀತು.
ನಾಲಿಗಿ ಮ್ಯಾಲ ಹಚ್ಚಿದೆ: ಸೀತನಿ ತಿಂದಂಗ ಸಿಹಿ.

ಕೊರಿಯರಿನಾಗ ಬಂದ ಹಾಪ್ಸ್ ಹೂವು ಕುದಿಸಿ,
ತಣ್ಣಗಾದ ಮ್ಯಾಲ ಈಸ್ಟ್ ಹಾಕಿ ಬಾಯಿ ಕಟ್ಟಿದೆ.
ಜಿನ್ನಪ್ಪ ದಿನಾ ಬಂದು ಮೂಸಿದ.
"ಇವತ್ತು ಹಸಿ ಕಣಕಿ."
"ಇವತ್ತು ಸೀದ ರೊಟ್ಟಿ ಅಂಚು."
ಕುಡಿಯದಾಂವನ ಮೂಗು, ಅದಕ್ಕ ಆಸಿ ಇಲ್ಲ.

ಕೇಳಿದವರಿಗೆ ಅಂಬಲಿ ಅಂತ ಹೇಳಿದ್ವಿ.

ನಿನ್ನೆ ಬಿಚ್ಚಿದೆ.
ನೊರಿ ಎದ್ದು, ಎದ್ದದ್ದು ಗೊತ್ತಾಗೂದರೊಳಗ ಹೋತು.
ಜ್ವಾಳಕ್ಕ ನೊರಿ ಹಿಡಿಯೂ ಬೆರಳಿಲ್ಲ.
ಬಣ್ಣ ಮಬ್ಬು, ಮಾರ್ಕಂಡೇಯ ಹೊಳಿ
ಜುಲೈದಾಗ ಇರತೈತಲ್ಲ, ಹಂಗ.
ತುದಿಗೆ ಹುಳಿ, ನಡುವ ಹುಲ್ಲು, ಕಡೀಕ ಕಹಿ
ಕಿರುನಾಲಿಗಿ ತನಕ ನಡಕೊಂಡು ಹೋತು.
ಛಲೋ ಐತಿ ಅನ್ನಾಕ ಬಾಯಿ ತೆರೆದೆ,
ಅಷ್ಟರಾಗ ಮಹಾನಂದಾ ನನ್ನ ಗ್ಲಾಸು ಇಸಗೊಂಡು
ಒಂದು ಗುಟುಕು, ಮತ್ತ ಸಣ್ಣದೊಂದು.
"ಅಂಬಲಿನ ಬಿಡ್ರಿ ಇದು.
ಸಾಲಿಗಿ ಹೋಗಿ ಬಂದೈತಿ, ಅಷ್ಟ."

ಗ್ಲಾಸು ವಾಪಸ್ ಕೊಡಲಿಲ್ಲ.
ನಾನು ಇನ್ನೊಂದು ತರಾಕ ಎದ್ದೆ.
ಒಲಿ ಮ್ಯಾಲ ರಾತ್ರಿ ರೊಟ್ಟಿಗೆ ಇಟ್ಟ
ಎಸರು ಕುದಿಯಾಕ ಹತ್ತಿತ್ತು.