ಸವಳು

ಗೀಜರಿನ ಕಾಯಿಲ್ ಬಿಚ್ಚಿದರ ಒಳಗ ಬಿಳೀ ಸುಣ್ಣದ ಹುತ್ತ.
ಇಪ್ಪತ್ತೆರಡು ವರ್ಷ ಆತು, ಅದನ್ನ ಕೆರಕೋತ ಬಂದೀನಿ
ಸ್ಕ್ರೂಡ್ರೈವರಿನ ಮೂತಿಲೆ, ಒಮ್ಮೊಮ್ಮೆ ಉಗುರಿಲೆ.
ಬಾಳೀವೇಸಿನಿಂದ ಹೋಟಗಿ ರೋಡಿನ ತನಕ
ಎಲ್ಲಾರ ಬಚ್ಚಲದ ಬೈಗುಳ ನನಗ ಬಾಯಿಪಾಠ:
ಈ ಸೊಲ್ಲಾಪುರದ ಬೋರಿನ ನೀರಿನಾಗ ಬ್ಯಾಳಿ ಬೇಯೂದಿಲ್ಲ,
ಸಾಬಾಣ ಬುರುಗು ಬಿಡೂದಿಲ್ಲ,
ತಲಿಮ್ಯಾಲ ಕೂದಲ ನಿಲ್ಲೂದಿಲ್ಲ.
ಹೂಂ ಅಂತೀನಿ.
ಅವರು ಬೈದಷ್ಟೂ ನನ್ನ ಮನಿ ಒಲಿ ಹತ್ತತದ.

ಮಗಳು ಸಾನಿಕಾ ಮೊದಲ ತಂದಿದ್ದು ಟೆಟ್ರಾ,
ನೀಲಿ ಪೆನ್ನಿಲೆ ಗೆರಿ ಎಳದಂಥಾವು, ಆರು.
ಮಂಗಳವಾರ ಬಂದವು, ಶನಿವಾರಕ್ಕ ಒಂದೂ ಇರಲಿಲ್ಲ.
ಕರಿಬೇವಿನ ಕುಂಡಿಯಾಗ ಹೂತು ಬಂದು
ನನ್ನ ಮಾರಿ ನೋಡಿದಳು,
ನೀರಿಗೆ ಸುಣ್ಣ ಕಲಿಸಿದಾಂವ ನಾನ ಅನ್ನೂವಂಗ.

ವಿಜಾಪುರ ವೇಸಿನಾಗ ಜಿಲಾನಿಯ ಮೀನಿನ ಅಂಗಡಿ.
ನಮ್ಮ ಬಾಟಲಿ ನೀರಿಗೆ ಎರಡು ಹನಿ ಔಷಧ ಬಿಟ್ಟು
ಬಣ್ಣ ನೋಡಿ ನಕ್ಕ:
"ಭಾವೂ, ಈ ನೀರಿನ ಮೀನ ಬ್ಯಾರೆ.
ಆಫ್ರಿಕಾದಾಗ ಮಲಾವಿ ಅಂತ ಒಂದು ಸರೋವರ,
ದಂಡಿಗೆ ಕಲ್ಲು, ತಳಕ್ಕ ಕಲ್ಲು,
ನೀರು ನಿಮ್ಮ ಬೋರಿನ ಅಣ್ಣತಮ್ಮ.
ಸಿಕ್ಲಿಡ್ ಒಯ್ರಿ. ಮೆತ್ತನ್ನ ನೀರು ಕೊಟ್ಟರ ಸೊರಗತಾವ."

ನಮ್ಮ ನೀರಿಗೆ ಅಂಥಾ ಮಾತು
ಇಲ್ಲೀತನಕ ಯಾರೂ ಆಡಿರಲಿಲ್ಲ.

"ನಾಲ್ಕು ಸಾಕಲ್ಲ?" ಅಂದೆ.
"ನಾಲ್ಕು ಬಿಟ್ಟರ ಒಂದು ಉಳೀತದ.
ಇಪ್ಪತ್ತು ಬಿಡ್ರಿ. ಗಿಜಿಗಿಜಿ ಅನ್ನಬೇಕು.
ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೂದ
ಅವಕ್ಕ ತಿಳೀಬಾರದು."
ನಮ್ಮ ಚಾಳ ನೆನಪಾತು. ಹನ್ನೊಂದು ಮನಿ, ಒಂದ ನಳ,
ನಾಲ್ಕು ದಿನಕ್ಕೊಮ್ಮೆ ನೀರು, ಕೊಡಕ್ಕ ಕೊಡ ಬಡೀತಾವ.
ಯಾರೂ ಯಾರನ್ನೂ ಕೊಂದಿಲ್ಲ ಇನ್ನೂ. ಪುರಸೊತ್ತಿಲ್ಲ.

ನಾಲ್ಕು ಫೂಟಿನ ಗಾಜಿನ ಟಾಕಿ, ಹಳೇದು,
ಹಲ್ಲಿನ ದವಾಖಾನೆಯವರು ಮಾರಿದ್ದು.
ವಳಸಂಗದ ನನ್ನ ಭಾವನ ಹೊಲದ ಬದುವಿನಿಂದ
ಕರೀ ಕಲ್ಲು, ಚೀಲ ತುಂಬಿ, ಸ್ಕೂಟರಿನ ಕಾಲಹತ್ತರ ಇಟ್ಟು.
ಹಳದಿ ಏಳು, ನೀಲಿ ಪಟ್ಟಿಯವು ಆರು, ಇಟ್ಟಂಗಿಬಣ್ಣದವು ಐದು.
ದೊಡ್ಡ ನೀಲಿ ಗಂಡು ಬಂದ ದಿನಾನ
ದೊಡ್ಡ ಕಲ್ಲು ಹಿಡಿದು ಕೂತ.
ಸಾನಿಕಾ ಅವಗ ಪಾಟೀಲ ಅಂತ ಹೆಸರಿಟ್ಟಳು.

ಮುಂದಿನ ತಿಂಗಳ ಇನ್ನೆರಡು ತಂದಾಗ
ಪಾಟೀಲ ಅವುಗಳ ಬಾಲ ಹರಿಯಾಕ ಹತ್ತಿದ.
ಲೈಟ್ ಆರಿಸಿ, ಮೊಳಕೈ ತನಕ ಕೈ ಅದ್ದಿ
ಎಲ್ಲಾ ಕಲ್ಲು ಅದಲಬದಲ ಮಾಡಿದಳು ಹುಡುಗಿ.
ಮುಂಜಾನೆ ಯಾರ ಮನಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ.
ಇದ ಕಲ್ಲು ಬದುವಿನ ಮ್ಯಾಲೆ ಒಂದು ಗೇಣು ಸರದಿದ್ದಕ್ಕ
ನಮ್ಮ ಭಾವ ಹದಿಮೂರು ವರ್ಷ ಅಕ್ಕಲಕೋಟಿ ಕೋರ್ಟಿಗೆ ನಡದಾನ.
ಮೀನು ಎರಡು ತಾಸು ತಿರುಗಿದವು, ಮರತವು.

ಆಮ್ಯಾಲೆ ಒಂದು ಹಳದಿ ಹೆಣ್ಣು ಉಣ್ಣೂದು ಬಿಟ್ಟಿತು.
ಗದ್ದ ಉಬ್ಬಿತ್ತು. ರೋಗ ಅಂದೆ ನಾನು.
ಮಹಾನಂದಾ ರೊಟ್ಟಿ ಹಿಟ್ಟಿನ ಕೈಲೆ ಬಂದು, ಬಗ್ಗಿ ನೋಡಿ,
"ಬಾಯಾಗ ಮಕ್ಕಳದಾವ" ಅಂದಳು.
ಹೌದ, ಮೂರು ವಾರ, ಒಂದು ಕಾಳು ನುಂಗಲಾರದ.

ಐದನೇತ್ತಾ ದಾಟಿದಾಗಿಂದ ಸಾನಿಕಾ
ನಾ ಕನ್ನಡದಾಗ ಕೇಳಿದರ ಮರಾಠಿಯಾಗ ಹೇಳ್ತಾಳ.
ಕ್ಯಾಲೆಂಡರಿನ ಮ್ಯಾಲೂ ಸತರಾ, ಅಠರಾ ಅಂತ ಎಣಸ್ತಾಳ.
ಆದರ ಒಂದು ರಾತ್ರಿ, ನೀರು ಕುಡ್ಯಾಕ ಎದ್ದೆ,
ಗಾಜಿಗೆ ಹಣಿ ಹಚ್ಚಿ ಕೂತಿತ್ತು ಹುಡುಗಿ:
"ಉಣ್ಣ ನಮ್ಮವ್ವ, ಒಂದು ತುತ್ತರ ಉಣ್ಣ,
ಹೊಟ್ಟಿ ಬೆನ್ನಿಗೆ ಹತ್ಯದ ನೋಡು."
ತೀರಿಹೋದ ನಮ್ಮವ್ವನ ಮಾತು, ಎಳದು ಎಳದು, ಹಂಗ.
ಎಲ್ಲಿ ಇಟಗೊಂಡಿತ್ತು ಇದನ್ನ, ಇಷ್ಟು ದಿನ?
ನಾ ಚರಿಗಿ ಮುಟ್ಟಲಿಲ್ಲ, ಸಪ್ಪಳಾದೀತು ಅಂತ.

ಇಪ್ಪತ್ತೊಂದನೇ ದಿನ ಬಾಯಿ ಬಿಟ್ಟಿತು.
ಎಳ್ಳಿಗೆ ಕಣ್ಣು ಬಂದಂಗ, ಹದಿನಾಲ್ಕು.
ಪಾಟೀಲನ ನೆರಳು ಬಿದ್ದ ಕೂಡ್ಲೆ
ಮತ್ತ ಎಲ್ಲಾ ಬಾಯೊಳಗ.

ಮರುದಿನ ಹೋಟಗಿ ರೋಡಿನ ಬಂಗಲೆಯಾಗ
ಕಾಯಿಲ್ ಕೆರೀತಿದ್ದೆ.
ಮಾಲಕಿನ್‌ಬಾಯಿ ಶುರು ಮಾಡಿದಳು,
ಏನ ದರಿದ್ರ ನೀರು ರೀ ಈ ಊರಿಂದು.
ಹೂಂ ಅನ್ನಲಿಲ್ಲ ನಾನು.