ಹೆಸರಿನ ಖಾನೆ

ರುವಿಯ ಸನದ್ ಆಫೀಸಿನಲ್ಲಿ, ಎಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ,
ಹನ್ನೊಂದು ವರ್ಷದಿಂದ ಹೆಸರು ಟೈಪು ಮಾಡುತ್ತಿದ್ದೇನೆ.
ಹುಟ್ಟಿದವರದು, ಬಂದವರದು, ಗಂಟು ಕಟ್ಟಿ ಹೊರಟವರದು.

ಅರಬ್ಬಿಯಲ್ಲಿ ಪ ಇಲ್ಲ, ಚ ಇಲ್ಲ,
ಳ ಣ ಕೇಳಲೇಬೇಡಿ.
ಪಲ್ಲವಿ ಒಳಗೆ ಬಂದರೆ
ಬಲ್ಲವಿ ಹೊರಗೆ ಹೋಗುತ್ತಾಳೆ.
ನಾನು ತಿಪ್ಪಣ್ಣ, ಕಾರ್ಡಿನಲ್ಲಿ ತಿಬಾನಾ.
ನನಗಿಂತ ಮುಂಚೆ ಎರಡು ಕೂಸು ಹೋಗಿದ್ದವಂತೆ,
ಯಮನಿಗೆ ಹೇಸಿಗೆಯಾಗಲೆಂದು
ತಿಪ್ಪೆಯ ಮೇಲೆ ಉರುಳಿಸಿ ಇಟ್ಟ ಹೆಸರು.
ಗಲ್ಫಿಗೆ ಬಂದು ಆ ತಿಪ್ಪೆ ಕರಗಿತು.
ಈಗ ಅವನು ಬಂದರೆ ಏನು ತೋರಿಸಲಿ?

ಮಗು ಹುಟ್ಟಿದವರು ಜೋಡಿಯಾಗಿ ಬರುತ್ತಾರೆ,
ಜಗಳ ಇನ್ನೂ ಮುಗಿದಿರುವುದಿಲ್ಲ.
ಎಲ್ಲೂ ಸಿಗದ ಹೆಸರು ಬೇಕು, ಎನ್ನುತ್ತಾಳೆ ತಾಯಿ.
ಕೂಗಿದರೆ ಸಿಗಬೇಕಲ್ಲ, ಎನ್ನುತ್ತಾನೆ ತಂದೆ.
ಕಿಯಾಂಶ್, ರಿಯಾಂಶ್, ಇವಾಂಶ್:
ಈ ವರ್ಷವಿಡೀ ಬರೀ ಅಂಶಗಳನ್ನೇ ಟೈಪು ಮಾಡಿದ್ದೇನೆ,
ಪೂರ್ಣ ಯಾವ ಆಸ್ಪತ್ರೆಯಲ್ಲಿ ಹುಟ್ಟಿತೋ ತಿಳಿಯದು.
ಕುಂದಾಪುರದ ವಾದಿರಾಜರು ಮಾತ್ರ,
ನಮ್ದು ಸಾದಾ ಇರ್ಲಿ ಮಾರಾಯ್ರೆ,
ಏರ್‌ಪೋರ್ಟಿನಲ್ಲಿ ನಿಲ್ಲಿಸಿ ಸ್ಪೆಲ್ಲಿಂಗ್ ಕೇಳಬಾರದು, ಎಂದು
ಗಣೇಶ ಎಂದಿಟ್ಟು, ಚಹಾ ಕುಡಿದು, ಹೋದರು.

ಈಗ ನನ್ನದೇ ಅರ್ಜಿ.
ಗಡುವಿಗೆ ನಾಲ್ಕು ದಿನ.
ಆಸ್ಪತ್ರೆಯ ಪಟ್ಟಿಯಲ್ಲಿ ಮಗಳು ಇನ್ನೂ 'ಅಶ್ವಿನಿಯ ಮಗು'.

ಅಶ್ವಿನಿಯ ಕ್ಲಾಸಿನಲ್ಲಿ ಐದು ಜನ ಅಶ್ವಿನಿಯರು.
ಹತ್ತು ವರ್ಷ ಒಂದು ಇನಿಷಿಯಲ್ಲಿನೊಳಗೆ ಬಾಡಿಗೆಗಿದ್ದೆ,
ನನ್ನ ಮಗಳಿಗೆ ಸ್ವಂತ ಮನೆ ಬೇಕು, ಎನ್ನುತ್ತಾಳೆ.
ಈ ಬಿಲ್ಡಿಂಗಿನಲ್ಲಿ, ಈ ಊರಿನಲ್ಲಿ,
ಆದರೆ ಇಡೀ ಮಸ್ಕತ್ತಿನಲ್ಲಿ ಯಾರಿಗೂ ಇರಬಾರದು.
ಕೊಪ್ಪಳದಿಂದ ಅವ್ವ ಫೋನಿನಲ್ಲಿ ಒಂದೇ ಮಾತು:
ನಮ್ಮವ್ವನ ಹೆಸರ ಇಡಪಾ.

ಅವ್ವನ ಅವ್ವ ಸಾಕವ್ವ.
ಐದನೆಯದೂ ಹೆಣ್ಣಾದಾಗ ಮುತ್ತಜ್ಜ
ಹೊಸ್ತಿಲಲ್ಲೇ ನಿಂತು ದೇವರಿಗೆ ಕೊಟ್ಟ ರಾಜೀನಾಮೆ: ಸಾಕು.
ಆರನೆಯದು ಗಂಡಾಯಿತು.
ಯಾರೂ ಹೆಸರು ವಾಪಸು ಪಡೆಯಲಿಲ್ಲ.
ಅವಳೇ ಮುಂದೆ ಆ ತಮ್ಮನನ್ನೂ,
ತಮ್ಮನ ಹೆಂಡತಿ ಬಿಟ್ಟುಹೋದ ಮೂವರನ್ನೂ,
ತಾಯಿ ಸತ್ತ ಎಮ್ಮೆಗರುವನ್ನೂ, ನಮ್ಮವ್ವನನ್ನೂ, ನನ್ನನ್ನೂ
ಸಾಕಿದಳು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು
ಸುಮ್ಮನೆ ಹೊಡೆದು ನೋಡಿದೆ.
ಅವರಲ್ಲಿ ಕ ಎರಡು, ತೆಳುವೊಂದು, ದಪ್ಪವೊಂದು.
ಬೆರಳು ದಪ್ಪದ ಮೇಲೆ ಬಿತ್ತು.
ಹಿಂದೆ ನಿಂತ ಮಾಲೀಕ ಖಮೀಸ್ ಬಗ್ಗಿ ಓದಿದ,
ಓದಿದ್ದು ತನಗೆ ತೋಚಿದಂತೆ: ಸಾಕಿಯಾ?
ನೀರಿನ ಕಾಲುವೆ ಅದು.
ಇಜ್ಕಿಯಲ್ಲಿ ನಮ್ಮ ಖರ್ಜೂರದ ಬುಡಕ್ಕೆ
ಫಲಜಿನಿಂದ ಸಣ್ಣಗೆ ಹರಿದು ಬರುತ್ತದಲ್ಲ, ಪಾಳಿಯಂತೆ.
ರಾತ್ರಿ ಪಾಳಿಯಿದ್ದರೆ ಅಪ್ಪ ಲಾಟೀನು ಹಿಡಿದು
ಅದರ ಜೊತೆಗೇ ನಡೆಯುತ್ತಿದ್ದ.
ಒಳ್ಳೆಯ ಹೆಸರು. ಯಾರದು?
ನನ್ನದು ಕೇಳು. ಗುರುವಾರ ಹುಟ್ಟಿದೆ, ಖಮೀಸ್ ಅಂದರು.
ಗುರುವಾರ. ಅಷ್ಟೇ ಯೋಚಿಸಿದ್ದು.
ನಗುತ್ತಾ ನಮಾಜಿಗೆ ಹೋದ.

ರಾತ್ರಿ ಅಶ್ವಿನಿಗೆ ಹೇಳಿದೆ, ಕಾಲುವೆಯಿಂದ ಶುರುಮಾಡಿ
ಅಜ್ಜಿಯ ಕಡೆಗೆ, ಜಾಣತನದಿಂದ.
ಅವಳಿಗೆ ಗೊತ್ತಾಯಿತು.
ಶಾಲೆಯಲ್ಲಿ ಸಾಕು ಸಾಕು ಅಂತ ಕಾಡಿಸುತ್ತಾರೆ ರೀ, ಎಂದಳು.
ಆಮೇಲೆ ಫೋನಿನಲ್ಲಿ ಬಹಳ ಹೊತ್ತು ಹುಡುಕಿ,
ಯಾರಿಗೂ ಇಲ್ಲ ಈ ಹೆಸರು, ಎಂದಳು,
ದೂರುವ ದನಿಯಲ್ಲೇ.
ನೀನು ಕೇಳಿದ್ದು ಅದನ್ನೇ ಅಲ್ಲವೇ ಎನ್ನುವಷ್ಟು
ದಡ್ಡನಲ್ಲ ನಾನು.

ಮಗು ಹಾಲು ಬಿಟ್ಟು ಮುಖ ತಿರುಗಿಸಿತು.
ತುಟಿ ಒರೆಸುತ್ತಾ ಅವಳು ಒಮ್ಮೆ,
ಪಕ್ಕದ ಫ್ಲಾಟಿಗೆ ಕೇಳದ ಹಾಗೆ,
ಕರೆದು ನೋಡಿದಳು.