ಕೆಂಪು ಚುಕ್ಕೆ

ಮುಚ್ಚಳ ಬಿಚ್ಚಿದೆ: ಒಂದು ಸತ್ತ ಜಿರಳೆ, ಊದುಬತ್ತಿಯ ಬೂದಿ,
ಎಡಗಡೆ ಚಾನೆಲ್ಲಿನಲ್ಲಿ ಸಣ್ಣ ಕೆಮ್ಮು.
ಲ್ಯಾಮಿಂಗ್ಟನ್ ರೋಡಿನ ಲೆಕ್ಕಕ್ಕೆ ನಾಲ್ಕು ಸಾವಿರ,
ಕೆಮ್ಮಿಗೆ ಐನೂರು ಕಳೆ.
ವಾಲ್ಯೂಮ್ ಗುಂಡಿಯ ಪಕ್ಕ ಉಗುರುಬಣ್ಣದ ಕೆಂಪು ಚುಕ್ಕೆ.
“ಇದಕ್ಕೂ ಇನ್ನೂರು ಹೋಯ್ತು, ಕಾಕೂ.”

ವಾಲಾವಲ್ಕರ್ ಕಾಕೂ ನಕ್ಕರು.
ಗಿರ್‌ಗಾಂವ್ ಚಾಳಿನಲ್ಲಿ ಮೇಲ್ಮನೆಯವನದು ರಾತ್ರಿಪಾಳಿ;
ಹಗಲು ಚುಕ್ಕೆ ದಾಟಿದರೆ
ಲಟ್ಟಣಿಗೆಯಿಂದ ನೆಲ ಕುಟ್ಟುತ್ತಿದ್ದನಂತೆ,
ಇಪ್ಪತ್ತಾರು ವರ್ಷ.
ಈಗ ಚಾಳು ಕೆಡವಿದ್ದಾರೆ. ಅವನೆಲ್ಲೋ, ಇವರು ವಿರಾರ್.

ಹಾಗಾದರೆ ಚುಕ್ಕೆಯಾಚೆಯ ಸದ್ದು
ಯಾರೂ ಬಳಸಿದ್ದೇ ಅಲ್ಲ.
ಸೆಕೆಂಡ್ ಹ್ಯಾಂಡ್ ಡಬ್ಬಿಯೊಳಗಿನ ಹೊಸ ಮಾಲಿಗೆ
ಏನಂತ ದರ ಬರೆಯಲಿ?

ಗುಂಡಿಯನ್ನು ಕೊನೆತನಕ ತಿರುವಿದೆ.
ಶೋಕೇಸಿನ ಗಾಜು ನಡುಗಿತು.

ಕಾಕೂ ಮಾತು ನಿಲ್ಲಿಸಿ
ಚಾವಣಿ ನೋಡಿದರು.
ನಾನೂ ನೋಡಿದೆ.